ವೀರನ ದಾರ, ಹಲ್ಲಿಯ ಬಾಲ

ಲೋಕ ಆಗಿನ್ನೂ ಹೊಸದು. ಆಕಾಶಕ್ಕೆ ನೀಲಿ ಬಳಿದು ಒಣಗಲು ಬಿಟ್ಟಿದ್ದರು. ಎತ್ತರದ ಮರದ ತುದಿ ತಾಗಿದರೆ ಎಲೆಗೆ ಬಣ್ಣ ಅಂಟುತ್ತಿತ್ತು. ಆಗ ಗಾಳಿಗೆ ಮಾತು ಬರುತ್ತಿತ್ತು. ಅಲೆಗೂ ಬರುತ್ತಿತ್ತು. ಎಲ್ಲರಿಗಿಂತ ಹೆಚ್ಚಾಗಿ ಹಲ್ಲಿಗೆ ಬರುತ್ತಿತ್ತು.

ಹೌದು, ಹಲ್ಲಿಗೇ. ಈಗ ಗೋಡೆಯ ಮೇಲೆ ಬಾಯಿ ಮುಚ್ಚಿಕೊಂಡು ಕೂತಿರುತ್ತದಲ್ಲ, ಅದೇ ಹಲ್ಲಿಗೆ. ಆ ಕಾಲದಲ್ಲಿ ಹಲ್ಲಿ ಬೆಳಗ್ಗೆ ಕಣ್ಣು ಬಿಟ್ಟಲ್ಲಿಂದ ಹೊತ್ತು ಮುಳುಗುವ ತನಕ ವಟವಟ ಅನ್ನುತ್ತಿತ್ತು. ನೊಣ ಹಿಡಿದರೆ ನುಂಗುವ ಮುಂಚೆ ಅದರ ಹತ್ತಿರವೂ ನಾಲ್ಕು ಮಾತಾಡುತ್ತಿತ್ತು. ಎಷ್ಟೋ ನೊಣಗಳು ಆ ಸಂದಿನಲ್ಲೇ ಹಾರಿಹೋಗಿ ಬದುಕಿಕೊಂಡವು.

ದೂರದ ಗ್ರೀಸ್ ದೇಶದಲ್ಲಿ ಒಂದು ಪುಟ್ಟ ದ್ವೀಪ. ದ್ವೀಪದ ನಡುವೆ ಗುಡ್ಡ. ಗುಡ್ಡದ ನೆತ್ತಿಯಲ್ಲಿ ಬಿಳಿ ಕಲ್ಲಿನ ಮನೆ. ಅಲ್ಲೇ ಈ ಹಲ್ಲಿಯ ವಾಸ. ಹಲ್ಲಿಯಮ್ಮ ಎಂದೇ ಅವಳನ್ನು ಎಲ್ಲರೂ ಕರೆಯುತ್ತಿದ್ದರು.

ಹಲ್ಲಿಯಮ್ಮನಿಗೆ ಮಾತಿನಷ್ಟೇ ಜಂಬ ತನ್ನ ಬಾಲದ ಮೇಲೆ. ಎಂಥ ಬಾಲ ಅಂತೀಯ! ಹಸಿರು ಹಸಿರು ಬಾಲ, ಅದರ ಉದ್ದಕ್ಕೂ ಹೊನ್ನಿನ ಪಟ್ಟೆ. ಬೆಳಗಿನ ಬಿಸಿಲು ಬಿದ್ದ ಕೂಡಲೇ ಹೊಸ್ತಿಲ ಹೊರಗಿನ ಕಲ್ಲಿನ ಮೇಲೆ ಅದನ್ನು ನೀಳವಾಗಿ ಚಾಚಿ, ಹೋಗಿಬರುವ ಇರುವೆಗಳಿಗೆಲ್ಲ ತೋರಿಸುತ್ತಿದ್ದಳು.

ಆ ಮನೆಯಲ್ಲಿ ಮೂವರು ಅಕ್ಕತಂಗಿಯರಿದ್ದರು, ಹಣ್ಣು ಹಣ್ಣು ಮುದುಕಿಯರು. ದೊಡ್ಡವಳು ನೂಲಜ್ಜಿ. ಉಣ್ಣೆ ಹಿಂಜಿ, ಕದಿರು ತಿರುಗಿಸಿ ದಾರ ತೆಗೆಯುವುದು ಅವಳ ಕೆಲಸ. ನಡುವಿನವಳು ಅಳತೆಯಜ್ಜಿ. ದಾರಕ್ಕೆ ಮೊಳ ಹಾಕಿ, ಗೇಣು ಹಾಕಿ, ‘ಇದು ಇಷ್ಟು’ ಎಂದು ಗುರುತು ಮಾಡುವುದು ಅವಳ ಕೆಲಸ. ಕಿರಿಯವಳು ಕತ್ತರಿಯಜ್ಜಿ. ಅವಳ ಕೆಲಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರು ತೆಗೆಯುತ್ತಿದ್ದುದು ಕಂಬಳಿಯ ದಾರವಲ್ಲ. ಒಂದೊಂದು ದಾರವೂ ಒಬ್ಬೊಬ್ಬರ ಆಯುಸ್ಸು. ದಾರ ಇರುವ ತನಕ ಆ ಮನುಷ್ಯ ಇರುತ್ತಾನೆ. ಕತ್ತರಿ ಬಿದ್ದ ಗಳಿಗೆಗೆ ಅವನ ಕಥೆಯೂ ಅಷ್ಟೇ.

ಕತ್ತರಿಯಜ್ಜಿ ಕೆಲಸಕ್ಕೆ ಕೂರುವಾಗ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಹಿಂದೊಮ್ಮೆ ಕಣ್ಣು ಬಿಟ್ಟುಕೊಂಡು ಕತ್ತರಿ ಹಿಡಿದಿದ್ದಳಂತೆ. ಕೈಯಲ್ಲಿರುವುದು ಯಾವುದೋ ಬಾಣಂತಿಯ ದಾರವೆಂದು ತಿಳಿದು, ಕೈ ಬಾರದೆ, ದಿನವಿಡೀ ಅಳುತ್ತ ಕೂತುಬಿಟ್ಟಳಂತೆ. ‘ನೋಡಿದರೆ ತಾನೇ ಮರುಗುವುದು? ನೋಡಲೇಬೇಡ’ ಎಂದು ಅಕ್ಕಂದಿರು ಅಂದಿನಿಂದ ಬಟ್ಟೆ ಕಟ್ಟಿದರು.

ಆಮೇಲೆ ಅವಳದೆಲ್ಲ ಬೆರಳಿನ ಕೆಲಸ. ಎಡಗೈ ಚಾಚುವಳು. ಬೆರಳ ನಡುವೆ ಬಂದದ್ದನ್ನು ಮುಟ್ಟಿ ನೋಡುವಳು. ಬಿಸಿಯಾಗಿರಬೇಕು, ನಡುಗುತ್ತಿರಬೇಕು, ಆಯುಸ್ಸಿನ ದಾರ ಹಾಗೇ ಇರುತ್ತದೆ. ಆಮೇಲೆ ಕಚಕ್! ತುಂಡು ನೆಲಕ್ಕೆ ಬಿದ್ದು ಒಂದಿಷ್ಟು ಹೊತ್ತು ಮಿಡುಕಾಡಿ ಸುಮ್ಮನಾಗುವುದು. ಆ ಸದ್ದು ಕೇಳಿಸಿಕೊಂಡು ಅವಳು ಕತ್ತರಿಯನ್ನು ಗೂಟಕ್ಕೆ ನೇತುಹಾಕಿ, “ಮುಗೀತು” ಅನ್ನುವಳು.

ಅವಳು ಮುಗೀತು ಅಂದಮೇಲೆ ಮುಗಿಯಿತು. ಅದೇ ಹೆಸರಿಗೆ ಇನ್ನೊಂದು ಸಲ ಕತ್ತರಿ ತೆಗೆಯುವ ಹಾಗಿಲ್ಲ. ಪರ್ವತದ ಮೇಲೆ ಕೂತ ಸಿಡಿಲಿನ ದೇವರೇ ಇಳಿದು ಬಂದು ಕೇಳಿದರೂ ಇಲ್ಲ. ಆ ಮನೆಯ ಪದ್ಧತಿ ಅದು.

ಗ್ರೀಸ್ ದೇಶದಲ್ಲಿ ಆಗ ಕಣ್ಣು ಮುಚ್ಚಿ ಕಲ್ಲೆಸೆದರೂ ಯಾವನಾದರೊಬ್ಬ ವೀರನಿಗೆ ತಗಲುತ್ತಿತ್ತು, ಅಷ್ಟು ಜನ ವೀರರು. ಅವರ ದಾರವನ್ನು ಹಲ್ಲಿಯಮ್ಮ ದೂರದಿಂದಲೇ ಗುರುತಿಸುತ್ತಿದ್ದಳು. ಕೆಂಪಗೆ, ದಪ್ಪಗೆ, ಮಿರಿಮಿರಿ ಮಿಂಚುವ ದಾರ. ಮತ್ತೆ ಗಿಡ್ಡ ದಾರ.

ಒಬ್ಬ ವೀರ ಮೈಯೆಲ್ಲ ಗಟ್ಟಿ ಮಾಡಿಕೊಂಡಿದ್ದ, ಹಿಮ್ಮಡಿ ಮಾತ್ರ ಉಳಿದಿತ್ತು. ಬಾಣ ಹುಡುಕಿಕೊಂಡು ಅಲ್ಲಿಗೇ ಬಂತು. ಒಬ್ಬ ಮೇಣದ ರೆಕ್ಕೆ ಕಟ್ಟಿಕೊಂಡು ಸೂರ್ಯನ ಹತ್ತಿರ ಹಾರಿದ, ಮೇಣ ಕರಗಿತು. ಒಬ್ಬ ಲೋಕದ ಮೃಗಗಳನ್ನೆಲ್ಲ ಬೇಟೆಯಾಡಿಬಿಡುತ್ತೇನೆಂದು ಜಂಬ ಕೊಚ್ಚಿದ. ಒಂದು ಚೇಳು ಬಂದು ಕುಟುಕಿತು. ಕಚಕ್, ಕಚಕ್, ಕಚಕ್. ಆಮೇಲೆ ಅವರ ಮೇಲೆ ಹಾಡು ಕಟ್ಟುತ್ತಿದ್ದರು, ನಕ್ಷತ್ರಗಳಿಗೆ ಅವರ ಹೆಸರಿಡುತ್ತಿದ್ದರು. ಹಲ್ಲು ಉದುರಿ ಮೊಮ್ಮಕ್ಕಳನ್ನು ಆಡಿಸಿದ ವೀರನನ್ನು ಮಾತ್ರ ಹಲ್ಲಿಯಮ್ಮ ಕಂಡಿರಲೇ ಇಲ್ಲ.

ಈ ಮೂವರು ಮುದುಕಿಯರಿಗೆ ಉಣ್ಣೆ ತಂದುಕೊಡುತ್ತಿದ್ದವಳು ಗುಡ್ಡದ ಕೆಳಗಿನ ಊರಿನ ಮೆಲಿತ್ತಜ್ಜಿ. ಮೆಲಿತ್ತಜ್ಜಿಗೆ ಇದ್ದದ್ದು ಒಂದು ಕುರಿಮಂದೆ, ಒಬ್ಬ ಮೊಮ್ಮಗ. ಉಣ್ಣೆ ಏನಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ‘ಪಾಪ, ವಯಸ್ಸಾದೋರು, ಚಳಿಗೆ ಏನೋ ಹೆಣ್ಕೋತಾರೆ’ ಎಂದುಕೊಂಡಿದ್ದಳು.

ಉಣ್ಣೆಯ ಮೂಟೆ ಇಳಿಸಿ ಅವಳು ಬಾಗಿಲ ಮುಂದಿನ ಅಂಜೂರದ ಮರದ ಕೆಳಗೆ ಕೂರುತ್ತಿದ್ದಳು. ಒಂದು ಹಣ್ಣು ಬಿಡಿಸಿ ಅರ್ಧ ತಾನು ತಿಂದು, ಇನ್ನರ್ಧವನ್ನು ಅಂಜೂರದ ಎಲೆಯ ಮೇಲಿಟ್ಟು, “ಬಾರೇ ಹಲ್ಲಿಯಮ್ಮ, ಎಲೆ ಹಾಕಿದ್ದೀನಿ” ಅನ್ನುತ್ತಿದ್ದಳು. ಸಿಹಿಗೆ ನೊಣಗಳು ಬಂದು ಮುತ್ತುತ್ತಿದ್ದವು. ಹಲ್ಲಿಯಮ್ಮನಿಗೆ ಹಬ್ಬದ ಊಟ. ಗೋಡೆಯ ಹಲ್ಲಿಗೆ ಎಲೆ ಹಾಕಿ ಬಡಿಸಿದವರು ಲೋಕದಲ್ಲಿ ಇನ್ನು ಯಾರಿದ್ದಾರೆ? ಅದಕ್ಕೇ ಹಲ್ಲಿಯಮ್ಮನಿಗೆ ಮೆಲಿತ್ತಜ್ಜಿ ಎಂದರೆ ಪ್ರಾಣ.

ಒಂದು ದಿನ ಮೆಲಿತ್ತಜ್ಜಿ ಬಂದಳು, ಮೂಟೆ ಇಳಿಸಿದಳು, ಎಲೆಯನ್ನೂ ಹಾಕಿದಳು. ಮಾತು ಮಾತ್ರ ಆಡಲಿಲ್ಲ.

“ಯಾಕಜ್ಜಿ, ಇವತ್ತು ಬಾಯಿ ಕಟ್ಟಿಹೋಗಿದೆ?” ಎಂದಳು ಹಲ್ಲಿಯಮ್ಮ.

“ನಿಕಾಂದ್ರ ಹೋದ ಕಣೇ.”

“ಎಲ್ಲಿಗೆ?”

“ಇನ್ನೆಲ್ಲಿಗೆ? ಆ ಹಾಳು ಹಾವಿನ ಹತ್ರ.”

ನಿಕಾಂದ್ರ ಅಂದರೆ ಅವಳ ಮೊಮ್ಮಗ. ಅಪ್ಪ ಅಮ್ಮ ಇಲ್ಲದ ಅವನನ್ನು ಅಜ್ಜಿಯೇ ಸಾಕಿ ದೊಡ್ಡವನನ್ನು ಮಾಡಿದ್ದಳು. ನಕ್ಕರೆ ಗುಡ್ಡದ ಆಚೆಗೆ ಕೇಳಿಸಬೇಕು, ಉಂಡರೆ ಒಲೆಗೆ ಸುಸ್ತಾಗಬೇಕು, ಹಾಗಿದ್ದ. ಹಾವು ಅಂದರೆ ಸಣ್ಣಪುಟ್ಟ ಹಾವಲ್ಲ, ಕಡಲಹಾವು. ಅದು ಬಂದು ಬಂದರಿನ ಬಾಯಿಗೆ ಅಡ್ಡ ಮಲಗಿತ್ತು. ದೋಣಿ ಹೊರಗೆ ಹೋಗುವಂತಿಲ್ಲ, ಹಡಗು ಒಳಗೆ ಬರುವಂತಿಲ್ಲ. ಮೀನು ಹಿಡಿದು ಬದುಕುವ ಊರು ಮೀನಿಲ್ಲದೆ ಸೊರಗಿಹೋಗಿತ್ತು.

“ಬೇಡ ಕಣೋ ಅಂದೆ,” ಎಂದಳು ಮೆಲಿತ್ತಜ್ಜಿ. “‘ಊರು ಉಪವಾಸ ಬಿದ್ದಿದೆ ಅಜ್ಜಿ, ಸಂಜೆ ಊಟಕ್ಕೆ ಬಂದುಬಿಡ್ತೀನಿ, ರೊಟ್ಟಿ ಜಾಸ್ತಿ ಮಾಡಿರು’ ಅಂದ. ಹಿಟ್ಟು ಕಲಸಿಟ್ಟಿದ್ದೀನಿ. ಮನೇಲಿ ಕೂತ್ರೆ ತಲೆ ಕೆಡುತ್ತೆ ಅಂತ ಇಲ್ಲಿಗೆ ಬಂದೆ. ಬರ್ತಾನಲ್ವೇನೇ?”

“ಬರದೆ ಏನಜ್ಜಿ? ರೊಟ್ಟಿ ಬಿಟ್ಟು ಅವನೆಲ್ಲಿಗೆ ಹೋಗ್ತಾನೆ?” ಎಂದು ಹಲ್ಲಿಯಮ್ಮ ಒಳಗೆ ಬಂದಳು.

ಒಳಗೆ ಅಳತೆಯಜ್ಜಿ ಒಂದು ಕೆಂಪು ದಾರಕ್ಕೆ ಗೇಣು ಹಾಕುತ್ತಿದ್ದಳು. “ಇದು ನಿಕಾಂದ್ರಂದು, ಕುರಿ ಮೆಲಿತ್ತಜ್ಜಿಯ ಮೊಮ್ಮಗಂದು. ಇಲ್ಲಿಗೆ ಗುರುತು. ಇವತ್ತು ಹೊತ್ತು ನೆತ್ತಿಗೆ ಬಂದಾಗ.”

ಹಲ್ಲಿಯಮ್ಮನ ಕಾಲು ಗೋಡೆಯಿಂದ ಜಾರಿತು. ಹೊರಗೆ ಅಜ್ಜಿ ಕೂತಿದ್ದಾಳೆ. ಒಳಗೆ ಅವಳೇ ಹೊತ್ತು ತಂದ ಉಣ್ಣೆಯಲ್ಲಿ ತೆಗೆದ ದಾರ ಕತ್ತರಿಗಾಗಿ ಕಾದಿದೆ. ಹಲ್ಲಿಯಮ್ಮ ಅಳತೆಯಜ್ಜಿಯ ಕಾಲ ಬಳಿಗೆ ಓಡಿದಳು.

“ಅಳತೆಯಜ್ಜಿ, ಒಂದೇ ಒಂದು ಮೊಳ ಜಾಸ್ತಿ ಹಾಕು. ನಿನ್ನ ಕಾಲಿಗೆ ಬೀಳ್ತೀನಿ.”

“ಅಳತೆ ಅಂದ್ರೆ ಅಳತೆ,” ಎಂದಳು ಅಳತೆಯಜ್ಜಿ. “ಅವನಿಗೆ ಒಂದು ಮೊಳ ಕೊಟ್ರೆ ನಾಳೆ ಊರಿಗೆ ಊರೇ ಬಾಗಿಲಿಗೆ ಬರುತ್ತೆ. ಅವನು ವೀರ. ವೀರರ ದಾರ ಗಿಡ್ಡವೇ. ಚಿಂತೆ ಬೇಡ, ಒಳ್ಳೇ ಹಾಡು ಕಟ್ತಾರೆ.”

“ಹಾಡಿಗೆ ರೊಟ್ಟಿ ಬಡಿಸೋಕಾಗುತ್ತಾ?” ಎಂದು ಹಲ್ಲಿಯಮ್ಮ ಸಿಡುಕಿದಳು. ಅಳತೆಯಜ್ಜಿ ಮತ್ತೆ ಗೇಣು ಹಾಕತೊಡಗಿದಳು. ನೂಲಜ್ಜಿ ಮಾತ್ರ ಕದಿರು ನಿಲ್ಲಿಸಿ ಒಮ್ಮೆ ಬಾಗಿಲ ಕಡೆ ನೋಡಿದಳು.

ಹಲ್ಲಿಯಮ್ಮ ಕಿಟಕಿಗೆ ಓಡಿದಳು. “ಏ ಪಡುವಣ ಗಾಳಿ! ಬೇಗ ಬಂದರಿಗೆ ಹೋಗು. ಅಜ್ಜಿ ಕಾಯ್ತಿದ್ದಾಳೆ, ಈಗಿಂದೀಗ ಹಿಂದಕ್ಕೆ ಬಾ ಅಂತ ನಿಕಾಂದ್ರನಿಗೆ ಹೇಳು!”

ಗಾಳಿ ಸುಯ್ಯೆಂದು ಹೋಯಿತು, ಸುಯ್ಯೆಂದು ಬಂತು. “ಹೇಳಿದೆ ಕಣೇ. ‘ಇದೊಂದು ಮುಗಿಸಿ ಬಂದೆ’ ಅಂತಾನೆ. ಕೈಯಲ್ಲಿ ದೋಣಿ ಹುಟ್ಟು ಹಿಡ್ಕೊಂಡು ಹಾವಿನ ಮೂತಿಗೆ ಎದುರಾಗಿ ನಿಂತಿದ್ದಾನೆ. ಈ ವೀರರಿಗೆಲ್ಲ ಇದೊಂದು ಮುಗಿಸೋದು ಯಾವಾಗಲೂ ಇದ್ದೇ ಇರುತ್ತೆ.”

ಹೊತ್ತು ಏರುತ್ತಿತ್ತು. ಬಾಗಿಲಲ್ಲಿ ಬಿದ್ದಿದ್ದ ಬಿಸಿಲಿನ ಪಟ್ಟೆ ಸಣ್ಣದಾಗುತ್ತ ಬಂತು. ಕತ್ತರಿಯಜ್ಜಿ ಕಣ್ಣಿಗೆ ಬಟ್ಟೆ ಬಿಗಿದುಕೊಂಡು, ಗೂಟದಿಂದ ಕತ್ತರಿ ತೆಗೆದು, ಎಡಗೈ ಬೆರಳುಗಳನ್ನು ಮಡಿಸಿ ಬಿಡಿಸಿ ಹದ ಮಾಡಿಕೊಳ್ಳುತ್ತಿದ್ದಳು.

ಹಲ್ಲಿಯಮ್ಮ ಆ ಬೆರಳುಗಳನ್ನೇ ನೋಡಿದಳು. ಕಣ್ಣಿಲ್ಲದ ಬೆರಳುಗಳು. ಅವಕ್ಕೆ ಬೇಕಾದದ್ದು ಎರಡೇ: ಬಿಸಿ ಇರಬೇಕು, ನಡುಗುತ್ತಿರಬೇಕು.

ಆಮೇಲೆ ತನ್ನ ಬಾಲವನ್ನು ನೋಡಿಕೊಂಡಳು. ಹಸಿರು ಬಾಲ, ಹೊನ್ನಿನ ಪಟ್ಟೆ. ಇಂಥದ್ದು ಇನ್ನೊಂದು ಸಿಗುವುದಿಲ್ಲ. ಆದರೂ ಹೊರಗೆ ಓಡಿದಳು.

ನಡುಗುವುದಕ್ಕೇನೂ ಕಷ್ಟಪಡಬೇಕಾಗಿರಲಿಲ್ಲ, ಹೆದರಿಕೆಗೆ ಬಾಲ ತಾನಾಗಿ ನಡುಗುತ್ತಿತ್ತು. ಆದರೆ ಹಲ್ಲಿಯ ಮೈ ಯಾವಾಗಲೂ ತಣ್ಣಗೆ, ನಿನಗೇ ಗೊತ್ತಲ್ಲ. ಅವಳು ಕಾದ ಬಿಳಿ ಕಲ್ಲಿನ ಮೇಲೆ ಬಾಲ ಚಾಚಿ ಹಲ್ಲು ಕಚ್ಚಿ ಕೂತಳು.

“ಏಯ್, ಏನೇ ಅದು?” ಎಂದು ಗದರಿದಳು ಮೆಲಿತ್ತಜ್ಜಿ. “ಈ ಉರಿಬಿಸಿಲಲ್ಲಿ ಬಾಲ ಒಣಗಿಸ್ತಾರಾ? ಸುಟ್ಕೊಳ್ತೀಯ! ನೆರಳಿಗೆ ಬಾ!”

“ಬಂದೆ ಅಜ್ಜಿ, ಇದೊಂದು ಮುಗಿಸಿ ಬಂದೆ,” ಎಂದಳು ಹಲ್ಲಿಯಮ್ಮ. ಬಾಲ ಚುರ್ರೆನ್ನುವಷ್ಟು ಬಿಸಿಯಾದದ್ದೇ ತಡ, ಒಳಗೆ ಓಡಿದಳು.

ಹೊತ್ತು ನೆತ್ತಿಗೆ ಬಂತು. ಕತ್ತರಿಯಜ್ಜಿ ಕೈ ಚಾಚಿ, “ಎಲ್ಲಿ? ಕೊಡು,” ಎಂದಳು. ಅಳತೆಯಜ್ಜಿ ದಾರದ ಗುರುತನ್ನು ಹುಡುಕಲೆಂದು ಬಗ್ಗಿದಳು. ಅಷ್ಟರಲ್ಲಿ ಗೋಡೆಯಿಂದ ಸರಕ್ಕನೆ ಇಳಿದ ಹಲ್ಲಿಯಮ್ಮ ಆ ಬೆರಳುಗಳ ನಡುವೆ ತನ್ನ ಬಾಲವನ್ನು ತೂರಿಸಿದಳು.

“ಹೂಂ, ಬಿಸಿ ಇದೆ,” ಎಂದಳು ಕತ್ತರಿಯಜ್ಜಿ. “ನಡುಗ್ತಾನೂ ಇದೆ. ಆದ್ರೆ ಏನಿದು, ಇಷ್ಟು ಒರಟು?”

ಹಲ್ಲಿಯಮ್ಮ ತಲೆ ಎತ್ತಿದರೆ ನೂಲಜ್ಜಿ ನೇರವಾಗಿ ಅವಳನ್ನೇ ನೋಡುತ್ತಿದ್ದಾಳೆ! ನೂಲಜ್ಜಿಯ ಕಣ್ಣಿಗೆ ಬಟ್ಟೆ ಇರಲಿಲ್ಲವಲ್ಲ. ಅವಳು ಹಲ್ಲಿಯನ್ನು ನೋಡಿದಳು, ಬಾಲವನ್ನು ನೋಡಿದಳು, ಬಾಗಿಲ ಹೊರಗೆ ಕೂತ ಮೆಲಿತ್ತಜ್ಜಿಯ ಬೆನ್ನನ್ನು ನೋಡಿದಳು.

“ಈ ಸಲದ ಉಣ್ಣೆ ಒರಟು ಕಣೇ,” ಎಂದಳು ನೂಲಜ್ಜಿ. “ನೀನು ಕತ್ತರಿಸು.”

ಕಚಕ್!

ಬಾಲ ನೆಲಕ್ಕೆ ಬಿತ್ತು. ಬಿದ್ದದ್ದು ಸುಮ್ಮನಿರಲಿಲ್ಲ. ಎಗರಿತು, ಹೊರಳಿತು, ಪಟಪಟ ನೆಲಕ್ಕೆ ಬಡಿಯಿತು, ಮತ್ತೆ ಎಗರಿತು. ಕತ್ತರಿಯಜ್ಜಿ ಕಿವಿಗೊಟ್ಟು ಕೇಳಿದಳು. “ಅಬ್ಬಬ್ಬಾ! ಎಂಥ ವೀರನಪ್ಪ ಇವನು! ಇಷ್ಟು ಹೊತ್ತು ಒದ್ದಾಡಿದ ದಾರವನ್ನ ನಾ ಕಂಡೇ ಇಲ್ಲ.” ಕತ್ತರಿಯನ್ನು ಗೂಟಕ್ಕೆ ನೇತುಹಾಕಿದಳು. “ಮುಗೀತು.”

“ಏನು ಮುಗೀತು?” ಎಂದಳು ಅಳತೆಯಜ್ಜಿ, ದಾರ ಹಿಡಿದು ಮೇಲೇಳುತ್ತ. “ದಾರ ಇಲ್ಲೇ ಇದೆಯಲ್ಲೇ!”

ಕತ್ತರಿಯಜ್ಜಿ ಕಣ್ಣಿನ ಬಟ್ಟೆ ಕಿತ್ತಳು. ಅಳತೆಯಜ್ಜಿಯ ಕೈಯಲ್ಲಿ ಕೆಂಪು ದಾರ ಇಡಿಯಾಗಿತ್ತು. ನೆಲದ ಮೇಲೆ ಹಸಿರು ಬಾಲ ಇನ್ನೂ ಕುಣಿಯುತ್ತಿತ್ತು. ಗೋಡೆಯ ಮೂಲೆಯಲ್ಲಿ ಮೋಟು ಹಲ್ಲಿ ಕಣ್ಣು ಮುಚ್ಚಿಕೊಂಡು ಅಂಟಿಕೊಂಡಿತ್ತು.

ನೂಲಜ್ಜಿ ಕಿಸಕ್ಕನೆ ನಕ್ಕಳು. ಅದನ್ನು ಕೇಳಿ ಕತ್ತರಿಯಜ್ಜಿಯೂ ನಕ್ಕಳು. ಎಷ್ಟೋ ಕಾಲದಿಂದ ಎಷ್ಟೋ ದಾರ ಕತ್ತರಿಸಿದ ಆ ಮುದುಕಿ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

“ನಗ್ತೀರಾ?” ಎಂದು ಕೂಗಿದಳು ಅಳತೆಯಜ್ಜಿ. “ಕತ್ತರಿ ತೆಗಿ! ಇನ್ನೊಂದು ಸಲ!”

“ಆಗಲ್ಲ ಅಕ್ಕ,” ಎಂದಳು ಕತ್ತರಿಯಜ್ಜಿ ಕಣ್ಣೊರೆಸಿಕೊಳ್ಳುತ್ತ. “ಮುಗೀತು ಅಂದುಬಿಟ್ಟೆನಲ್ಲ. ಇನ್ನು ಅದು ತಾನಾಗಿ ಸವೀಬೇಕು. ಪದ್ಧತಿ ನೀನೇ ಮಾಡಿದ್ದು.”

ಅಳತೆಯಜ್ಜಿಗೆ ಸಿಟ್ಟು ನೆತ್ತಿಗೇರಿತು. ಆದರೆ ಪದ್ಧತಿ ಪದ್ಧತಿಯೇ. ಅವಳು ಹಲ್ಲಿಯ ಕಡೆ ತಿರುಗಿದಳು. “ಲೇ, ಬಾಲ ಹೋಯ್ತು ಸರಿ. ನಿನ್ನ ನಾಲಿಗೆ ಇದೆಯಲ್ಲ! ಯಾರ ದಾರ ಎಷ್ಟುದ್ದ ಅಂತ ಇಲ್ಲಿ ಕೂತು ಕೇಳ್ತೀಯ. ನಾಳೆ ಹೊರಗೆ ಹೋಗಿ ಊರೆಲ್ಲ ಟಾಂಟಾಂ ಮಾಡ್ತೀಯ. ನಿನ್ನ ಮಾತನ್ನೆಲ್ಲ ತಗೊಂಡೆ.”

“ಅಯ್ಯೋ, ಎಲ್ಲ ಬೇಡ!” ಎಂದು ಹಲ್ಲಿಯಮ್ಮ ಅತ್ತಳು. “ಒಂದಾದ್ರೂ ಬಿಡು!”

“ಒಂದು ಬಿಡೇ, ಪಾಪ,” ಎಂದಳು ನೂಲಜ್ಜಿ.

“ಒಂದೇ ಒಂದು. ನಿಜ ಆಗೋ ಮಾತು ಯಾರಾದ್ರೂ ಆಡಿದಾಗ ಹೌದು ಅನ್ನೋಕೆ ಮಾತ್ರ,” ಎಂದಳು ಅಳತೆಯಜ್ಜಿ. ಹಲ್ಲಿಯಮ್ಮ ಏನೋ ಹೇಳಲು ಬಾಯಿ ತೆರೆದಳು. ಲೊಚ್ ಲೊಚ್ ಎಂದಷ್ಟೇ ಬಂತು.

ನೂಲಜ್ಜಿ ಅವಳನ್ನು ಅಂಗೈ ಮೇಲೆ ಕೂರಿಸಿಕೊಂಡಳು. ಬುಟ್ಟಿಯ ತಳದಲ್ಲಿ ಉಳಿದಿದ್ದ ಚೂರುಪಾರು ಉಣ್ಣೆಯನ್ನು ಹೊಸೆದು ಅವಳಿಗೊಂದು ಬಾಲ ತೆಗೆದುಕೊಟ್ಟಳು. “ಹಳೇದರಷ್ಟು ಚೆಂದ ಇಲ್ಲ ಮಗಳೇ, ಬಣ್ಣದ ಉಣ್ಣೆ ಮುಗಿದಿದೆ. ಆದ್ರೆ ಯಾರಾದ್ರೂ ನಿನ್ನ ಹಿಡಿಯೋಕೆ ಬಂದ್ರೆ ಇದನ್ನ ಅಲ್ಲೇ ಬಿಟ್ಟು ಓಡು. ಕುಣಿಯೋದನ್ನ ನೋಡ್ತಾ ಅವರು ನಿಂತುಬಿಡ್ತಾರೆ. ಇನ್ನೊಂದು ನಾನು ತೆಗೆದುಕೊಡ್ತೀನಿ. ನಿನಗೂ, ನಿನ್ನ ಮಕ್ಕಳು ಮೊಮ್ಮಕ್ಕಳಿಗೂ.”

ಹೊತ್ತು ಇಳಿಯಿತು. ಮೆಲಿತ್ತಜ್ಜಿ ಇನ್ನೂ ಮರದ ಕೆಳಗೇ ಕೂತಿದ್ದಳು. ಏಳಲು ಅವಳಿಗೆ ಧೈರ್ಯ ಸಾಲುತ್ತಿರಲಿಲ್ಲ.

“ಅಜ್ಜೀ!”

ಗುಡ್ಡದ ಕೆಳಗಿನಿಂದ ಒಂದು ಕೂಗು. ಆಮೇಲೆ ಗುಡ್ಡದ ಆಚೆಗೂ ಕೇಳಿಸುವ ನಗು. ಮೈಯೆಲ್ಲ ಒದ್ದೆಯಾಗಿ, ಕೂದಲಲ್ಲಿ ಪಾಚಿ ಸಿಕ್ಕಿಸಿಕೊಂಡು, ಮುರಿದ ಹುಟ್ಟು ಹಿಡಿದುಕೊಂಡು ನಿಕಾಂದ್ರ ಹತ್ತಿ ಬರುತ್ತಿದ್ದ.

“ಹಾವು ಸುತ್ತಿಕೊಂಡು ತಳಕ್ಕೇ ಎಳೀತು ಅಜ್ಜಿ. ನೆತ್ತಿಬಿಸಿಲು ನೀರೊಳಗೂ ಕಾಣ್ತಿತ್ತು. ಇನ್ನೇನು ಆಯ್ತು ಅಂದ್ಕೊಂಡೆ. ಅಷ್ಟ್ರಲ್ಲಿ ಯಾಕೋ ಏನೋ ಹಿಡಿತ ಸಡಿಲಾಯ್ತು. ಮೂತಿಗೆ ಒಂದು ಬಿಗಿದೆ ನೋಡು, ನಡುಗಡಲಿಗೆ ಓಡಿಹೋಯ್ತು! ಅದಿರ್ಲಿ, ರೊಟ್ಟಿ ಎಲ್ಲಿ?”

“ಒದ್ದೆ ಬಟ್ಟೇಲಿ ನಿಂತಿದ್ದೀಯಲ್ಲೋ, ಶೀತ ಆಗಲ್ವಾ?” ಎಂದು ಬೈಯುತ್ತ ಬೈಯುತ್ತ ಮೆಲಿತ್ತಜ್ಜಿ ಅವನ ತಲೆಯನ್ನು ಸೆರಗಿನಲ್ಲಿ ಒರೆಸಿದಳು. ಒರೆಸಿದ್ದು ಸಾಕಾದರೂ ಕೈ ಬಿಡಲಿಲ್ಲ.

ಆಗ ಅವಳಿಗೆ ಗೋಡೆಯ ಮೇಲಿನ ಹಲ್ಲಿ ಕಂಡಿತು. “ಅಯ್ಯೋ ನನ್ನಮ್ಮ! ಬಾಲಕ್ಕೇನಾಯ್ತೇ? ಹಸಿರು ಎಲ್ಲಿ, ಪಟ್ಟೆ ಎಲ್ಲಿ?”

ಹಲ್ಲಿಯಮ್ಮನಿಗೆ ಎಲ್ಲ ಹೇಳಬೇಕು ಅನ್ನಿಸಿತು. ಕೆಂಪು ದಾರ, ಬಿಸಿ ಕಲ್ಲು, ಒರಟು ಉಣ್ಣೆ, ಎಲ್ಲ. ಲೋಕದಲ್ಲೇ ಅಂಥ ಒಳ್ಳೆಯ ಕಥೆ ಇನ್ನೊಂದಿರಲಿಲ್ಲ, ಆದರೆ ಹೇಳಲು ಅವಳಿಗೆ ಮಾತೇ ಉಳಿದಿರಲಿಲ್ಲ.

“ಬಿಸಿಲಿಗೆ ಬೇಡ ಅಂದೆ, ಕೇಳಿದ್ಯಾ?” ಎಂದು ಮೆಲಿತ್ತಜ್ಜಿ ಹೊಸ ಎಲೆ ಹಾಸಿ, ಈ ಸಲ ಇಡೀ ಅಂಜೂರವನ್ನೇ ಬಿಡಿಸಿಟ್ಟಳು. “ತಿನ್ನು. ಬೆಳಗ್ಗೆ ನೀನು ಹೇಳಿದ್ದು ಸರಿ ಕಣೇ. ರೊಟ್ಟಿ ಬಿಟ್ಟು ಎಲ್ಲೂ ಹೋಗಲ್ಲ ಇವನು. ನನ್ನ ಮಗು ಇನ್ನು ನನ್ನಷ್ಟೇ ಮುದುಕ ಆಗೋವರೆಗೂ ಬದುಕ್ತಾನೆ.”

“ಲೊಚ್ ಲೊಚ್,” ಎಂದಳು ಹಲ್ಲಿಯಮ್ಮ.

ಮೆಲಿತ್ತಜ್ಜಿ ಬೆರಳಿನಿಂದ ನೆಲವನ್ನು ತಟ್ಟಿದಳು. “ನೋಡು, ಅವಳೂ ನಿಜ ಅಂತಾಳೆ.”

ನಿಜವೇ ಆಯಿತು. ನಿಕಾಂದ್ರ ಮುದುಕನಾದ. ತಲೆ ಬೋಳಾಯಿತು, ಹಲ್ಲು ಉದುರಿತು, ಹಾವಿನ ಕಥೆಯನ್ನೇ ಹೇಳಿ ಹೇಳಿ ಊರಿನವರು ಅವನನ್ನು ಕಂಡರೆ ಬೇರೆ ದಾರಿ ಹಿಡಿಯುವಂತಾಯಿತು. ಅವನ ಮೇಲೆ ಯಾರೂ ಹಾಡು ಕಟ್ಟಲಿಲ್ಲ, ಅವನ ಹೆಸರಿನ ನಕ್ಷತ್ರವೂ ಇಲ್ಲ. ಅವನ ಮೊಮ್ಮಕ್ಕಳಿಗೆ ಅದರಿಂದ ಏನೂ ಬೇಜಾರಾಗಲಿಲ್ಲ, ಅವರಿಗೆ ತಾತನೇ ಇದ್ದನಲ್ಲ.

ಅವನು ಬಿಡಿಸಿದ ಬಂದರಿನಿಂದ ಹಡಗುಗಳು ದೇಶದೇಶಕ್ಕೆ ಹೊರಟವು. ಉಣ್ಣೆಯ ಮೂಟೆಗಳ ಸಂದಿನಲ್ಲಿ ಹಲ್ಲಿಯಮ್ಮನ ಮಕ್ಕಳು ಮೊಮ್ಮಕ್ಕಳೂ ಹೊರಟರು. ಒಂದು ಹಡಗು ನಮ್ಮ ಕಡೆಗೂ ಬಂತು.

ಅದಕ್ಕೇ ಮಗು, ಬೆಕ್ಕು ಇವತ್ತಿಗೂ ಹಲ್ಲಿಯ ಮೇಲೆ ಎಗರಿದರೆ ಅದಕ್ಕೆ ಸಿಗುವುದು ಪಟಪಟ ಕುಣಿಯುವ ಬಾಲ ಮಾತ್ರ. ಸ್ವಲ್ಪ ದಿನಕ್ಕೆ ಅಲ್ಲಿ ಹೊಸ ಬಾಲ ಬರುತ್ತದೆ, ಬಣ್ಣ ಮಾತ್ರ ಹಳೆಯದರ ಹಾಗಿರುವುದಿಲ್ಲ. ಮತ್ತೆ ಮನೆಯಿಂದ ಹೊರಗೆ ಹೋದವರು ತಡವಾದಾಗ, “ಇನ್ನೇನು, ಬಂದುಬಿಡ್ತಾರೆ” ಎಂದು ನಿನ್ನ ಅಜ್ಜಿ ಹೇಳಿದ ಕೂಡಲೇ ಟ್ಯೂಬ್‌ಲೈಟಿನ ಹಿಂದಿನಿಂದ ಲೊಚ್ ಲೊಚ್ ಎಂದು ಕೇಳಿಸುತ್ತದಲ್ಲ, ಅಜ್ಜಿ ಬೆರಳಿನಿಂದ ನೆಲ ತಟ್ಟಿ ಎದ್ದು ಅವರ ಪಾಲಿನ ರೊಟ್ಟಿಯನ್ನು ಬಿಸಿ ಮಾಡಲು ಹೋಗುವುದು ಅದಕ್ಕೇ.